ಗೆರೆಯ ಮೇಲಣ ಊರುಗಳು

ಮುಂಗಾರು ಕೈಕೊಟ್ಟ ವರ್ಷದ ಮರುಬೇಸಗೆಯಲ್ಲಿ, ಲಿಂಗನಮಕ್ಕಿಯ ಜಲಾಶಯವು ತಳ ಮುಟ್ಟುವಷ್ಟು ಬತ್ತಿದಾಗ, ಆ ನೀರಿನೊಳಗಿನಿಂದ ಮತ್ತೊಂದು ಅಣೆಕಟ್ಟು ಮೆಲ್ಲಗೆ ತಲೆಯೆತ್ತುವುದುಂಟು. ಹಿರೇಭಾಸ್ಕರದ ಕಟ್ಟೆಯೆಂದೂ ಮಡೆನೂರು ಕಟ್ಟೆಯೆಂದೂ ಜನ ಕರೆಯುವ ಅದು, 1964ರಲ್ಲಿ ತನಗಿಂತ ಹಿರಿದಾದ ಅಣೆಕಟ್ಟಿನ ಹಿನ್ನೀರಿನಲ್ಲಿ ತಾನೇ ಮುಳುಗಿಹೋದ ಕಟ್ಟೆ. ಬಾಗಿಲೆತ್ತುವ ಕೈಯಿಲ್ಲದೆ, ಕಾವಲುಗಾರನ ಹಂಗಿಲ್ಲದೆ, ನೀರು ಗೊತ್ತಾದ ಮಟ್ಟವನ್ನು ಮುಟ್ಟಿದೊಡನೆ ತಾವಾಗಿಯೇ ಹೆಚ್ಚುವರಿ ನೀರನ್ನು ಸೆಳೆದು ಹೊರಚೆಲ್ಲುವಂತೆ ಮೈಸೂರಿನ ಎಂಜಿನಿಯರ್ ಗಣೇಶ ಅಯ್ಯರ್ ಅವರು ರೂಪಿಸಿದ ಸೈಫನ್ನುಗಳು, ಕೆಸರು ಬಳಿದುಕೊಂಡ ದೈತ್ಯ ಗಂಟೆಗಳಂತೆ ಅಲ್ಲಿ ಇಂದಿಗೂ ಸಾಲುಗಟ್ಟಿ ನಿಂತಿವೆ. ಅವನ್ನು ನೋಡಲು ಬರುವವರು ಬಹುಮಂದಿ. ನಾನು ಹೋದ ದಿನವೂ ಜಾತ್ರೆಯಷ್ಟು ಜನವಿದ್ದರು.

ನನ್ನ ಜೊತೆಗಿದ್ದ ಮುದುಕರು ಮಾತ್ರ ಸೈಫನ್ನಿನ ಕಡೆಗೆ ತಿರುಗಿಯೂ ನೋಡದೆ, ಬಿರುಕುಬಿಟ್ಟ ಕೆಸರಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು, ಗದ್ದೆಯ ಹಾಳಿಯ ಗುರುತನ್ನು ಅನುಸರಿಸುತ್ತ ಒಂದೇ ಸಮನೆ ನಡೆದರು. ನನಗೆ ಕಂಡದ್ದು ಬರಿಯ ಬಯಲು. ಅವರಿಗೆ ಕಂಡದ್ದು ಊರು. ಒಂದೆಡೆ ಜಂಬಿಟ್ಟಿಗೆಯ ನಾಲ್ಕು ಸಾಲು, ಒಂದೆಡೆ ಕಪ್ಪಾಗಿ ಕಲ್ಲಿನಂತಾದ ಮರದ ಬೊಡ್ಡೆ, ಒಂದೆಡೆ ಒರಳುಕಲ್ಲಿನ ಅರ್ಧ. ನಾನು ಮುಂದೆ ಹೆಜ್ಜೆಯಿಡಲು ಹೊರಟಾಗ ಅವರು ತೋಳು ಹಿಡಿದು ನಿಲ್ಲಿಸಿ, "ನೋಡ್ಕಂಡು ಕಾಲಿಡು ತಮ್ಮಾ, ಅಲ್ಲಿ ಬಾವಿ ಇತ್ತು" ಎಂದರು. ಹೂಳು ತುಂಬಿ ಅರುವತ್ತು ವರ್ಷವಾದ ಬಾವಿಯದು. ಅದರಲ್ಲಿ ಬೀಳುವ ಭಯ ಅವರೊಬ್ಬರಿಗೆ ಇನ್ನೂ ಉಳಿದಿತ್ತು.

ನೀರು ಹೀಗೆ ಆಗೊಮ್ಮೆ ಈಗೊಮ್ಮೆ ನೆಲವನ್ನು ತೋರಿಸುತ್ತದೆಯೇ ಹೊರತು ಮರಳಿ ಕೊಡುವುದಿಲ್ಲ. ಮರಳಿ ಕೊಡತಕ್ಕದ್ದು ಸರಕಾರದ ಕೆಲಸ. ಶರಾವತಿಯ ಕಣಿವೆಯಲ್ಲಿ ತೆಗೆದುಕೊಂಡ ಭೂಮಿಗೆ ಪ್ರತಿಯಾಗಿ ಸರಕಾರವು ಕೊಟ್ಟ ಭೂಮಿ ಯಾವುದು, ಅದರ ಮೇಲೆ ಜನರು ತಮ್ಮ ಊರುಗಳನ್ನು ಯಾವ ಕ್ರಮದಲ್ಲಿ ಕಟ್ಟಿಕೊಂಡರು, ಹಾಗೆ ಕಟ್ಟಿದ ಊರು ಕಾಗದದ ಮೇಲೆ ಏನಾಯಿತು ಎಂಬುದೇ ಈ ಬರೆಹದ ವಿಷಯ. ಜೋಗದ ಬೆಳಕಿನ ಕಥೆಯನ್ನು ನಾವು ಶಾಲೆಯ ಪುಸ್ತಕದಿಂದ ಮೊದಲ್ಗೊಂಡು ಬಹಳ ಸಲ ಓದಿದ್ದೇವೆ. ಈ ಕಥೆಯನ್ನು ಅಷ್ಟಾಗಿ ಓದಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಸಾಗರಗಳ ನೆಲವನ್ನು ಬಳಸಿ, ಜೋಗದಲ್ಲಿ 830 ಅಡಿ ಧುಮುಕಿ, ಗೇರುಸೊಪ್ಪೆಯನ್ನು ಹಾದು ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯು ಉದ್ದದಲ್ಲಿ ಚಿಕ್ಕ ಹೊಳೆಯಾದರೂ, ಅದರ ಇಬ್ಬದಿಯ ಕಣಿವೆಯು ಸಾಮಾನ್ಯವಾದುದಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಸಂಪತ್ತಿಗೆ ಈ ಘಟ್ಟದ ಕಾನುಗಳೇ ಮೂಲ. ಆಕೆಯ ಬಳಿಕ ಇಕ್ಕೇರಿಯ ನಾಯಕರ ಆಳಿಕೆಯಲ್ಲಿಯೂ, ಮೈಸೂರಿನವರ ಆಳಿಕೆಯಲ್ಲಿಯೂ ಕರೂರು, ಬಾರಂಗಿ ಸೀಮೆಯ ಹಳ್ಳಿಗಳು ಅಡಿಕೆ, ಮೆಣಸು, ಭತ್ತಗಳನ್ನು ಬೆಳೆಯುತ್ತ, ಹವ್ಯಕರು, ಜೈನರು, ದೀವರು, ಹಸಲರು ಮೊದಲಾದ ಜನವರ್ಗಗಳನ್ನು ತಮ್ಮ ತಮ್ಮ ನೆಲೆಗಳಲ್ಲಿ ಇರಿಸಿಕೊಂಡು ಬಾಳಿದುವು.

ಮಲೆನಾಡಿನ ಹಳ್ಳಿಯನ್ನು ಬಯಲುಸೀಮೆಯವರು ಮೊದಲ ಸಲ ನೋಡಿದಾಗ ಊರೆಲ್ಲಿದೆಯೆಂದು ಕೇಳುವುದು ವಾಡಿಕೆ. ಮನೆಗಳು ಒತ್ತಿಗೆ ಇಲ್ಲದ್ದರಿಂದ ಅವರ ಕಣ್ಣಿಗೆ ಅದು ಯೋಜನೆಯಿಲ್ಲದ ಚೆಲ್ಲಾಪಿಲ್ಲಿಯಂತೆ ಕಾಣುತ್ತದೆ. ನಿಜದಲ್ಲಿ ಅಷ್ಟು ಬಿಗಿಯಾದ ಯೋಜನೆಯುಳ್ಳ ಊರು ಬೇರೆಲ್ಲಿಯೂ ಸಿಗಲಾರದು. ಕಣಿವೆಯ ತಳದಲ್ಲಿ, ಹಳ್ಳ ಹರಿಯುವಲ್ಲಿ, ಗದ್ದೆ. ಅದರ ತಲೆಯ ಕಡೆ, ಗಾಳಿ ತಾಗದ ತಂಪಿನ ಇಕ್ಕಟ್ಟಿನಲ್ಲಿ, ಅಡಿಕೆಯ ತೋಟ. ತೋಟದ ಅಂಚಿಗೆ, ಕೈಯಳತೆಯ ಎತ್ತರದಲ್ಲಿ, ಮನೆ, ಕೊಟ್ಟಿಗೆ, ಗೊಬ್ಬರದ ಗುಂಡಿ. ಮನೆಯ ಹಿಂದೆ ತೋಟಕ್ಕೆ ಹಸುರೆಲೆ ತರುವ ಸೊಪ್ಪಿನಬೆಟ್ಟ. ಅದರಾಚೆ ದನ ಮೇಯುವ ಬ್ಯಾಣ. ಎಲ್ಲಕ್ಕೂ ಮೇಲೆ ಹಳ್ಳದ ನೀರನ್ನು ಹಿಡಿದು ಕೊಡುವ ಕಾನು, ಕಾನಿನೊಳಗೆ ಚೌಡಿಯ ಕಲ್ಲು. ಇದರಲ್ಲಿ ಯಾವೊಂದನ್ನು ಕಿತ್ತರೂ ಉಳಿದುವು ನಿಲ್ಲವು. ಸೊಪ್ಪಿಲ್ಲದೆ ತೋಟವಿಲ್ಲ, ದನವಿಲ್ಲದೆ ಗೊಬ್ಬರವಿಲ್ಲ, ಕಾನಿಲ್ಲದೆ ಬೇಸಗೆಯ ನೀರಿಲ್ಲ. ಶಾನುಭೋಗರ ಪುಸ್ತಕದಲ್ಲಿ ಎರಡು ಎಕರೆ ತೋಟ ಮೂರು ಎಕರೆ ಗದ್ದೆಯೆಂದು ಬರೆದಿರುವ ಹಿಡುವಳಿಯು ವಾಸ್ತವದಲ್ಲಿ ಒಂದು ಇಡೀ ಬೆಟ್ಟದ ಮೇಲೆ ಆತುಕೊಂಡಿರುತ್ತಿತ್ತು. ಮುಂದೆ ಪರಿಹಾರದ ಲೆಕ್ಕ ಹಾಕುವಾಗ ಪುಸ್ತಕದಲ್ಲಿದ್ದ ಎಕರೆಗೆ ಬೆಲೆ ಕಟ್ಟಿದರು. ಬೆಟ್ಟಕ್ಕೆ ಕಟ್ಟಲಿಲ್ಲ, ಏಕೆಂದರೆ ಅದು ಯಾರ ಹೆಸರಿನಲ್ಲಿಯೂ ಇರಲಿಲ್ಲ.

ಹೆಸರಿನ ಪ್ರಶ್ನೆ ಬೆಟ್ಟಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಗದ್ದೆಯನ್ನು ಉಳುವವನು ಒಬ್ಬ, ಖಾತೆಯಲ್ಲಿರುವವನು ಇನ್ನೊಬ್ಬನಾಗಿದ್ದ ಕಾಲವದು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೆಷ್ಟೆಂಬ, ಹೊರಗಿನವರಿಗೆ ಅಲ್ಪವೆಂದು ತೋರಬಹುದಾದ ವಿವಾದದಿಂದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್ ತಿಂಗಳಿನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳುತನದ ರೈತ ಸತ್ಯಾಗ್ರಹ ಹೊತ್ತಿಕೊಂಡಿತು. ಶಾಂತವೇರಿ ಗೋಪಾಲಗೌಡರು ಅದಕ್ಕೆ ದನಿಯಾದರು. ರಾಮಮನೋಹರ ಲೋಹಿಯಾ ಅವರು ಸಾಗರದವರೆಗೆ ಬಂದು ಬಂಧನಕ್ಕೊಳಗಾದರು. ಕಾಗೋಡಿನಲ್ಲಿ ಅಂದು ಎದ್ದ ಪ್ರಶ್ನೆಗೆ ಕಾನೂನಿನ ಉತ್ತರ ದೊರೆತುದು 1974ರಲ್ಲಿ, ಉಳುವವನೇ ನೆಲದೊಡೆಯನೆಂಬ ಕಾಯ್ದೆಯಿಂದ. ಆ ಎರಡು ದಿನಾಂಕಗಳ ನಡುವಣ ಅವಧಿಯಲ್ಲಿಯೇ ಲಿಂಗನಮಕ್ಕಿಯ ನೀರು ಏರಿತೆಂಬುದನ್ನು ನೆನಪಿನಲ್ಲಿಡಬೇಕು. ಮುಳುಗಡೆಗೆ ಮುನ್ನ ಉಳುವವನು ಒಡೆಯನಾಗಿರಲಿಲ್ಲ. ಒಡೆಯನಾಗಬಹುದಾದ ದಿನ ಬಂದಾಗ ಅವನ ಗದ್ದೆ ನೀರಿನಡಿಯಲ್ಲಿತ್ತು. ನೆರೆಹೊರೆಯ ಹಳ್ಳಿಯವರು ಡಿಕ್ಲರೇಷನ್ ಕೊಟ್ಟು ಭೂಮಿ ಪಡೆದಾಗ, ಇವನು ಯಾವ ಸರ್ವೆ ನಂಬರಿಗೆ ಅರ್ಜಿ ಹಾಕಬೇಕಾಗಿತ್ತು?

ವಿದ್ಯುತ್ತಿನ ಹಸಿವು ಮೈಸೂರು ಸಂಸ್ಥಾನಕ್ಕೆ ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದ ನಾಡು ಜೋಗದ ಧಾರೆಯನ್ನು ಬಹುಕಾಲ ಬಿಟ್ಟುಕೊಂಡಿರುವುದು ಸಾಧ್ಯವಿರಲಿಲ್ಲ. 1939ರಲ್ಲಿ ಆರಂಭವಾದ ಹಿರೇಭಾಸ್ಕರದ ಕೆಲಸವು ಮಹಾಯುದ್ಧದ ಕಷ್ಟಕಾಲವನ್ನೆಲ್ಲ ದಾಟಿ, 1948ರ ಫೆಬ್ರವರಿಯಲ್ಲಿ, ಗಾಂಧೀಜಿಯವರ ಹತ್ಯೆಯಾದ ಕೆಲವೇ ವಾರಗಳ ಬಳಿಕ, ಜೋಗದ ಬುಡದ ವಿದ್ಯುದಾಗಾರದಲ್ಲಿ ಬೆಳಕಾಗಿ ಫಲಿಸಿತು. ಮೊದಲು ಕೃಷ್ಣರಾಜೇಂದ್ರರ ಹೆಸರನ್ನು ಹೊತ್ತಿದ್ದ ಆ ಆಗಾರವು ಆಮೇಲೆ ಮಹಾತ್ಮಾ ಗಾಂಧಿಯವರ ಹೆಸರನ್ನು ಧರಿಸಿತು. ಆಗಲೇ ಕೆಲವು ಕುಟುಂಬಗಳು ಒಕ್ಕಲೆದ್ದು, ಎತ್ತರದ ನೆಲದಲ್ಲಿ ಹೊಸ ತೋಟ ಹಾಕಿದ್ದುವು. ಆ ತೋಟ ಫಸಲಿಗೆ ಬರುವ ವೇಳೆಗೆ ಎರಡನೆಯ ಅಣೆಕಟ್ಟಿನ ಸುದ್ದಿ ಬಂತು. ಒಂದೇ ಹೊಳೆಗೆ ಎರಡು ಸಲ ಮನೆ ಬಿಟ್ಟುಕೊಟ್ಟವರ ಮಾತನ್ನು ಈ ಸೀಮೆಯಲ್ಲಿ ಇಂದಿಗೂ ಕೇಳಬಹುದು. ಅವರು ಅದನ್ನು ಹೇಳುವ ರೀತಿಯಲ್ಲಿ ಸಿಟ್ಟಿಗಿಂತ ಒಂದು ಬಗೆಯ ಸಂಕೋಚವೇ ಹೆಚ್ಚಾಗಿರುತ್ತದೆ, ಎರಡು ಸಲ ಮೋಸಹೋದದ್ದು ತಮ್ಮದೇ ತಪ್ಪೆಂಬಂತೆ.

ಎರಡನೆಯ ಅಣೆಕಟ್ಟು ಲಿಂಗನಮಕ್ಕಿ. ಸುಮಾರು ಎರಡೂಮುಕ್ಕಾಲು ಕಿಲೋಮೀಟರು ಉದ್ದದ ಆ ಕಟ್ಟೆಯ ಹಿಂದೆ 151 ಟಿಎಂಸಿ ನೀರು ನಿಲ್ಲತಕ್ಕದ್ದೆಂದೂ, ಅದು ಸುಮಾರು 300 ಚದರ ಕಿಲೋಮೀಟರು ನೆಲವನ್ನು ಆವರಿಸತಕ್ಕದ್ದೆಂದೂ, ತುಂಬಿದಾಗ ಸಮುದ್ರಮಟ್ಟದಿಂದ 1819 ಅಡಿಯ ಎತ್ತರದಲ್ಲಿ ಮೈಚಾಚತಕ್ಕದ್ದೆಂದೂ ಎಂಜಿನಿಯರರು ನಿರ್ಣಯಿಸಿದರು. ಆ ಲೆಕ್ಕ ಅಡಿಗೆ ಅಡಿ ನಿಜವಾಯಿತು. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಗಳು ಯೋಜನೆಯನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು 1977ರ ಹೊತ್ತಿಗೆ ಪೂರ್ತಿಯಾಗಿ ತಿರುಗಿದುವು. ಬಹುಕಾಲ ಕರ್ನಾಟಕದ ದೀಪಗಳೆಲ್ಲ ಈ ಕಣಿವೆಯ ಋಣದಲ್ಲಿಯೇ ಉರಿದುವೆಂದರೆ ಅತ್ಯುಕ್ತಿಯಾಗದು. ಈ ಸಾಧನೆಯನ್ನು ಹಗುರಾಗಿ ಕಾಣುವುದು ನನ್ನ ಇಚ್ಛೆಯಲ್ಲ. 1819ರ ಗೆರೆಯನ್ನು ಬೆಟ್ಟದ ಮಗ್ಗುಲುಗಳ ಮೇಲೆ ಗುರುತಿಸಿದ ಸರ್ವೆಯವರ ಕೈಚಳಕವನ್ನು ಯಾರಾದರೂ ಮೆಚ್ಚಬೇಕು. ನನ್ನ ಆಕ್ಷೇಪಣೆ ಇಷ್ಟೇ: ಗೆರೆಯ ಕೆಳಗಿನ ನೀರಿಗೆ ಅಷ್ಟು ಕರಾರುವಾಕ್ಕಾದ ನಕ್ಷೆ ಬರೆದವರು, ಗೆರೆಯ ಕೆಳಗಿಂದ ಎದ್ದುಹೋಗತಕ್ಕ ಜನರ ಊರಿಗೆ ನಕ್ಷೆ ಬರೆಯಲಿಲ್ಲ.

ಅದಕ್ಕೆ ಕಾನೂನಿನ ಒತ್ತಾಯವೂ ಇರಲಿಲ್ಲ. ಭೂಸ್ವಾಧೀನಕ್ಕೆ ಅಂದು ಆಧಾರವಾಗಿದ್ದುದು 1894ರಲ್ಲಿ ಹುಟ್ಟಿದ ನಿಯಮ; ಬೆಲೆ ಕೊಟ್ಟ ಮೇಲೆ ಒಕ್ಕಲೆದ್ದವನು ಎಲ್ಲಿಗೆ ಹೋದನೆಂದು ಕೇಳುವ ಹೊಣೆ ಆ ನಿಯಮದಲ್ಲಿ ಎಲ್ಲಿಯೂ ಇರಲಿಲ್ಲ. ಪುನರ್ವಸತಿಯೆಂಬ ಶಬ್ದವು ಭೂಸ್ವಾಧೀನದ ಕಾಯ್ದೆಯ ಹೆಸರಿನೊಳಗೇ ಸೇರಲು 2013 ಬರಬೇಕಾಯಿತು. ಹಾಗಿದ್ದೂ ಅಂದಿನ ಮೈಸೂರು ರಾಜ್ಯದ ಸರಕಾರವು ಹಣ ಕೊಟ್ಟು ಸುಮ್ಮನಾಗದೆ, ಶಿವಮೊಗ್ಗ ಜಿಲ್ಲೆಯ ಹಲವು ತಾಲ್ಲೂಕುಗಳಲ್ಲಿ ಕಾಡನ್ನು ಬಿಡಿಸಿ, ಮುಳುಗಡೆಯವರಿಗೆ ನೆಲ ಹಂಚಿಕೊಟ್ಟಿತೆಂಬುದನ್ನು ಅದರ ಲೆಕ್ಕಕ್ಕೆ ಜಮೆ ಹಾಕಬೇಕು. ಭೂಮಿಗೆ ಭೂಮಿಯೆಂಬ ತತ್ತ್ವವನ್ನು ಕಾಯ್ದೆ ಹೇಳುವುದಕ್ಕೆ ಎಷ್ಟೋ ಮುನ್ನ ಇಲ್ಲಿ ಆಚರಿಸಲಾಯಿತು. ಆಚರಿಸಿದ ಕ್ರಮ ಹೇಗಿತ್ತೆಂಬುದು ಬೇರೆ ಮಾತು.

ಮನೆಯನ್ನು ಬಿಟ್ಟುಬರುವುದು ಬೇರೆ, ಬಿಚ್ಚಿ ತರುವುದು ಬೇರೆ. ಅನುಕೂಲವಿದ್ದವರು ಎರಡನೆಯದನ್ನು ಮಾಡಿದರು. ಮೊದಲು ಮಾಡಿನ ಹೆಂಚುಗಳು ಇಳಿದುವು. ಆಮೇಲೆ ರೀಪು, ಪಕಾಸಿ. ಕೊನೆಗೆ ಹಲಸಿನ ಕಂಬಗಳು, ಹೆಬ್ಬಾಗಿಲ ದಾರಂದ. ಜೋಡಿಸುವಾಗ ತಪ್ಪಬಾರದೆಂದು ಕಂಬಕಂಬಕ್ಕೆ ಇದ್ದಿಲಿನಲ್ಲಿ ಅಂಕಿ ಬರೆದಿದ್ದರೆಂದು ಒಬ್ಬರು ಹೇಳಿದರು. ನಾನು ನೋಡಿದ ಒಂದು ಮನೆಯ ಜಗಲಿಯಲ್ಲಿ ಐದು ಕೆತ್ತನೆಯ ಕಂಬಗಳಿದ್ದು, ಆರನೆಯದು ಮಾತ್ರ ಬೋಳಾದ ಮತ್ತಿಯ ಕಂಬ. ಲಾರಿಯಿಂದ ಬಿದ್ದು ಸೀಳಿದ ಕಂಬಕ್ಕೆ ಬದಲಾಗಿ ನಿಲ್ಲಿಸಿದ್ದಂತೆ. ಅದಕ್ಕೂ ಕೆತ್ತನೆ ಮಾಡಿಸಬಹುದಾಗಿತ್ತಲ್ಲವೆಂದು ಕೇಳಿದಾಗ ಮನೆಯ ಯಜಮಾನಿ, "ಕೆತ್ತೋರು ಆ ಊರಲ್ಲೇ ಉಳಕಂಡ್ರು" ಎಂದು ನಕ್ಕರು. ಯಾರೂ ಉಳಿದಿರಲಿಲ್ಲ, ಊರೇ ಉಳಿದಿರಲಿಲ್ಲ. ಆಚಾರಿಯ ಮನೆ ಒಂದು ದಿಕ್ಕಿಗೆ, ಒಕ್ಕಲಿನ ಮನೆ ಒಂದು ದಿಕ್ಕಿಗೆ, ಭಟ್ಟರ ಮನೆ ಮತ್ತೊಂದು ದಿಕ್ಕಿಗೆ ಹೋಗಿದ್ದುವೆಂಬುದನ್ನು ಆಕೆ ಹಾಗೆ ಹೇಳಿದ್ದರು.

ಹೊಸ ನೆಲವೆಂದರೆ ಕಾಡು. ಅಲ್ಲಿಗೆ ಬಂದು ಇಳಿದವರ ಕೈಯಲ್ಲಿ ಇದ್ದುದು ಮಂಜೂರಾತಿಯ ಒಂದು ಹಾಳೆ, ಕತ್ತಿ, ಕೊಡಲಿ. ಎದುರಿಗೆ ಇದ್ದುದು ಇಂತಿಷ್ಟು ಎಕರೆಯೆಂಬ ಮಾತು. ಗದ್ದೆ ಎಲ್ಲಿ, ತೋಟ ಎಲ್ಲಿ, ಮನೆ ಎಲ್ಲಿ ಎಂಬುದನ್ನು ತೋರಿಸಿಕೊಡುವ ಅಧಿಕಾರಿ ಯಾರೂ ಇರಲಿಲ್ಲ. ಇಲ್ಲಿಂದ ಮುಂದೆ ನಡೆದುದನ್ನು ಈಗಿನ ಕಾಲದ ಪಂಡಿತರು ಸಮುದಾಯ ಯೋಜನೆಯೆಂದು ಕರೆದಾರು. ಅದನ್ನು ಮಾಡಿದವರು ಅದಕ್ಕೆ ಹೆಸರನ್ನೇ ಇಡಲಿಲ್ಲ. ಮಳೆಗಾಲವೊಂದನ್ನು ಸೋಗೆಯ ಗುಡಿಸಲಿನಲ್ಲಿ ಕಳೆದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಹಾಳಿ ಕಟ್ಟಲು ಕೈಹಚ್ಚಿದ ಊರುಗಳು ಉಳಿದುವು. ಬಂದ ಬೇಸಗೆಯಲ್ಲಿಯೇ ಅವಸರದಿಂದ ಮರ ಕಡಿದು ಗದ್ದೆ ಮಾಡಿದವರ ಮಣ್ಣು ಮೊದಲ ಆರಿದ್ರಾ ಮಳೆಗೇ ಹಳ್ಳ ಸೇರಿತು. ಅಳತೆಗೆ ಸರಪಳಿಯಿಲ್ಲದೆ ದನ ಕಟ್ಟುವ ಹಗ್ಗದಲ್ಲಿ ಗಡಿ ಅಳೆದರು. ಒಬ್ಬನ ಪಾಲಿಗೆ ಕಲ್ಲು ಬಂದರೆ ಒಬ್ಬನ ಪಾಲಿಗೆ ತೇವ ಬಂತು. ಹಗ್ಗವನ್ನು ಹಿಡಿದವನು ತನ್ನ ಕಡೆಗೆ ಎಳೆದನೆಂಬ ಜಗಳ ಮೂರನೆಯ ತಲೆಮಾರಿನಲ್ಲಿಯೂ ಬಗೆಹರಿಯದೆ ಉಳಿದ ಮನೆಗಳುಂಟು. ಸಮುದಾಯವೆಂದೊಡನೆ ಸೌಹಾರ್ದವೇ ತುಂಬಿತ್ತೆಂದು ನಾನು ಬಣ್ಣಿಸಲಾರೆ.

ಆದರೂ ಕೆಲವು ವಿಷಯಗಳನ್ನು ಅವರು ಜಗಳವಿಲ್ಲದೆ ತೀರ್ಮಾನಿಸಿದರು. ಮೊದಲ ತೀರ್ಮಾನ ಚೌಡಿಯದು. ಹಳೆಯ ಬನದಿಂದ ಕಲ್ಲನ್ನು ಎತ್ತಿ, ಹಸಿ ಅಡಿಕೆಯ ಹಾಳೆಯಲ್ಲಿ ಸುತ್ತಿ ತಂದವರು, ಅದನ್ನು ಹೊಸ ಊರಿನ ಅತ್ಯಂತ ಎತ್ತರದ, ಮರ ದಟ್ಟವಾದ ಜಾಗದಲ್ಲಿ ಇಟ್ಟರು. ಇಟ್ಟ ಮೇಲೆ ಆ ಜಾಗದ ಮರವನ್ನು ಯಾರೂ ಕಡಿಯುವಂತಿರಲಿಲ್ಲ. ಭಕ್ತಿಯ ಹೆಸರಿನಲ್ಲಿ ಹಳ್ಳದ ತಲೆಯ ಕಾಡು ಉಳಿಯಿತು. ಇದನ್ನು ಬೇಕೆಂದೇ ಹಾಗೆ ಮಾಡಿದಿರಾ ಎಂದು ಕೇಳಿದರೆ ಹಿರಿಯರು ಹೌದೆಂದೂ ಹೇಳುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ. ಸಿಗಂದೂರಿನ ಚೌಡೇಶ್ವರಿಯೂ ಹೀಗೆಯೇ ಹಿನ್ನೀರಿನಿಂದ ಮೇಲೆ ಬಂದ ದೇವತೆ. ಅವಳ ಹಳೆಯ ನೆಲೆ ನೀರಿನಲ್ಲಿದೆ.

ಎರಡನೆಯದು ಅಡಿಕೆಯ ಸಸಿಯದು. ಅಡಿಕೆ ನೆಟ್ಟರೆ ಕೈಗೆ ಗೊನೆ ಬರಲು ಆರೇಳು ವರ್ಷ ಬೇಕು; ಅಷ್ಟು ಕಾಲ ಹೊಟ್ಟೆಯ ಗತಿಯೇನು? ಮೊದಲು ಬಾಳೆ ಹಾಕಿ ನೆರಳು ಮಾಡಿಕೊಂಡು, ಬಾಳೆಯ ನೆರಳಿನಲ್ಲಿ ಹಳೆಯ ತೋಟದ ಗೋಟಿನಿಂದ ಎಬ್ಬಿಸಿದ ಸಸಿಗಳನ್ನು ನೆಟ್ಟು, ಬಾಳೆಗೊನೆ ಮಾರಿ ಅಕ್ಕಿ ತಂದರು. ನೀರು ಏರುವ ಮೊದಲೇ ಬೀಜದಡಿಕೆಯನ್ನು ಆಯ್ದು ಇಟ್ಟುಕೊಂಡ ಹೆಂಗಸರ ಮುಂದಾಲೋಚನೆಯಿಂದ, ಮುಳುಗಿದ ತೋಟದ ತಳಿಯು ಹೊಸ ನೆಲದಲ್ಲಿ ಬದುಕಿತು. ಗಂಡಸರು ಪರಿಹಾರದ ಕಚೇರಿಗೆ ಅಲೆಯುತ್ತಿದ್ದಾಗ ಅಡುಗೆಮನೆಯ ಮೂಲೆಯಲ್ಲಿ, ಒದ್ದೆ ಗೋಣಿಯ ಕೆಳಗೆ, ಮುಂದಿನ ಐವತ್ತು ವರ್ಷದ ಆದಾಯ ಮೊಳೆಯುತ್ತಿತ್ತು. ಕಚೇರಿಯ ಕಡತಗಳಲ್ಲಿ ಇದರ ಉಲ್ಲೇಖವಿರುವುದು ಅಸಂಭವ.

ಶಾಲೆಗೆ ಜಾಗ, ಸ್ಮಶಾನಕ್ಕೆ ಜಾಗ, ದನ ಹೋಗುವ ಓಣಿ, ಇವು ಆಮೇಲೆ ಒಂದೊಂದಾಗಿ ಆದುವು.

ಹೀಗೆ ನೆಲದ ಮೇಲೆ ಊರು ಎದ್ದಿತು; ಕಾಗದದ ಮೇಲೆ ಮಾತ್ರ ಅದು ಕಾಡಾಗಿಯೇ ಉಳಿಯಿತು. ಬಿಡುಗಡೆಯಾದ ಅರಣ್ಯವನ್ನು ಅರಣ್ಯದ ಪಟ್ಟಿಯಿಂದ ತೆಗೆದು ಕಂದಾಯದ ಪಟ್ಟಿಗೆ ಸೇರಿಸಬೇಕಾದರೆ ಅದಕ್ಕೊಂದು ಅಧಿಸೂಚನೆ ಬೇಕು, ಅಳತೆ ಬೇಕು, ನಕ್ಷೆ ಬೇಕು, ಖಾತೆ ಬೇಕು. ಬಹುಪಾಲು ಊರುಗಳ ವಿಷಯದಲ್ಲಿ ಈ ಸರಣಿಯು ನಡುವೆಲ್ಲೋ ನಿಂತುಹೋಯಿತು. ಅಂದು ಯಾರಿಗೂ ಅವಸರವಿರಲಿಲ್ಲ. ಹುಲಿ, ಕಾಡುಕೋಣ, ಮಲೇರಿಯಾಗಳ ನಡುವೆ ಬದುಕು ಕಟ್ಟುತ್ತಿದ್ದವನು ಪಹಣಿಯ ಒಂಬತ್ತನೆಯ ಕಾಲಮ್ಮಿನ ಬಗ್ಗೆ ಚಿಂತಿಸಲಿಲ್ಲ, ಚಿಂತಿಸಬೇಕಾದವರು ವರ್ಗವಾಗಿ ಹೋದರು.

ಆ ಬಳಿಕ ಕಾಲ ಬದಲಾಯಿತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಅದೇ ವರ್ಷ ಹಿನ್ನೀರಿನ ಸುತ್ತಣ ಕಾಡು ಶರಾವತಿ ಕಣಿವೆಯ ಅಭಯಾರಣ್ಯವಾಯಿತು. 1974ರಲ್ಲಿ ಶಿವಮೊಗ್ಗೆಯ ಬಳಿಯ ಶೆಟ್ಟಿಹಳ್ಳಿಯ ಕಾಡೂ ಅಭಯಾರಣ್ಯವಾಯಿತು. ಸರಕಾರವೇ ತಂದು ನೆಲೆಗೊಳಿಸಿದ ಮುಳುಗಡೆಯ ಹಳ್ಳಿಗಳು ಅದರ ಒಡಲಿನಲ್ಲಿದ್ದುವು. ಆ ಹಳ್ಳಿಗಳಲ್ಲಿ ಕೆಲವಕ್ಕೆ, ಅಭಯಾರಣ್ಯದೊಳಗೆ ಕಂಬ ನೆಡಲು ಅನುಮತಿಯಿಲ್ಲವೆಂಬ ಕಾರಣದಿಂದ, ದಶಕಗಳ ಕಾಲ ವಿದ್ಯುತ್ತು ಬರಲಿಲ್ಲ. ವಿದ್ಯುತ್ತಿಗಾಗಿ ಊರು ಬಿಟ್ಟವರು ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಮಕ್ಕಳನ್ನು ಓದಿಸಿದರೆಂಬುದನ್ನು ಪತ್ರಿಕೆಗಳು ಎಷ್ಟೋ ಸಲ ಬರೆದಿವೆ. ಬರೆದು ಬರೆದು ಅದೊಂದು ಸವಕಲು ಮಾತಾಗಿದೆ, ಆದರೆ ಸವೆದ ಮಾತ್ರಕ್ಕೆ ಸುಳ್ಳಾಗಲಿಲ್ಲ. 1980ರಲ್ಲಿ ಬಂದ ಅರಣ್ಯ ಸಂರಕ್ಷಣಾ ಕಾಯ್ದೆಯು, ಕೇಂದ್ರದ ಒಪ್ಪಿಗೆಯಿಲ್ಲದೆ ರಾಜ್ಯವು ಒಂದು ಗುಂಟೆ ಅರಣ್ಯವನ್ನೂ ಬಿಡುವಂತಿಲ್ಲವೆಂದು ಗೆರೆ ಎಳೆಯಿತು. ಕಾಯ್ದೆ ನ್ಯಾಯವಾದುದೇ, ಅದಿಲ್ಲದಿದ್ದರೆ ಮಲೆನಾಡಿನಲ್ಲಿ ಇಂದು ಮರವಿರುತ್ತಿರಲಿಲ್ಲ. ಆದರೆ ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಸರಕಾರದ ಕೈಯಿಂದ ನೆಲ ಪಡೆದವನೂ, ನಿನ್ನೆ ರಾತ್ರಿ ಮರ ಕಡಿದು ಬೇಲಿ ಹಾಕಿದವನೂ ಕಾಗದದ ಕಣ್ಣಿಗೆ ಒಂದೇ ಆಗಿ ಕಂಡರು.

2006ರ ಅರಣ್ಯಹಕ್ಕು ಕಾಯ್ದೆ ಬಂದಾಗ ಇನ್ನೊಂದು ಆಸೆ ಹುಟ್ಟಿತು. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರಿಗೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿದ್ದುದಕ್ಕೆ ಪುರಾವೆ ಕೊಡಬೇಕೆಂದು ಆ ಕಾಯ್ದೆ ಹೇಳುತ್ತದೆ. ಇವರು ಹೊಸ ನೆಲಕ್ಕೆ ಬಂದುದೇ 1960ರ ಆಸುಪಾಸಿನಲ್ಲಿ. ಅದಕ್ಕೆ ಮುಂಚಿನ ಪುರಾವೆಯೆಲ್ಲ 1819ರ ಗೆರೆಯ ಕೆಳಗಿದೆ. ರಾಜ್ಯ ಸರಕಾರವು ಆಮೇಲೆ ಹೊರಡಿಸಿದ ಬಿಡುಗಡೆಯ ಅಧಿಸೂಚನೆಗಳನ್ನು, ಕೇಂದ್ರದ ಒಪ್ಪಿಗೆ ಪಡೆದಿಲ್ಲವೆಂಬ ಕಾರಣದಿಂದ, 2021ರಲ್ಲಿ ಹೈಕೋರ್ಟು ನಿಲ್ಲಗೊಡಲಿಲ್ಲ. ಒಂಬತ್ತು ಸಾವಿರ ಎಕರೆಗೂ ಮಿಕ್ಕಿದ ನೆಲದ ಮಾತು ಅಂದಿನಿಂದ ದಿಲ್ಲಿಗೂ ಬೆಂಗಳೂರಿಗೂ ಓಡಾಡುತ್ತಿದೆ.

ಈ ಜನರಲ್ಲಿ ಎಲ್ಲರೂ ದೂರ ಹೋಗಲಿಲ್ಲವೆಂಬುದನ್ನೂ ಹೇಳಬೇಕು. ಕರೂರು ಸೀಮೆಯ ತುಮರಿ ಮೊದಲಾದ ಊರುಗಳು ಗೆರೆಯ ಮೇಲೆ ಉಳಿದು, ಸಾಗರ ಪೇಟೆಯ ದಾರಿಯನ್ನು ಮಾತ್ರ ಕಳೆದುಕೊಂಡು, ಮುಳುಗದೆಯೇ ಮುಳುಗಡೆಯಾದುವು. ಹೊಳೆಬಾಗಿಲಿನ ಲಾಂಚು ಬಂದರೆ ಪೇಟೆ, ಬಾರದಿದ್ದರೆ ಇಲ್ಲವೆಂಬಂತಿತ್ತು. ಹೆರಿಗೆಯೂ ಹಾವು ಕಡಿತವೂ ಲಾಂಚಿನ ವೇಳೆಗೆ ಕಾಯಬೇಕಾಗಿತ್ತು. ಅಂಬಾರಗೊಡ್ಲಿನಿಂದ ಕಳಸವಳ್ಳಿಗೆ, ಎರಡು ಕಿಲೋಮೀಟರಿಗೂ ಮೀರಿದ ಉದ್ದದ ಸೇತುವೆ 2025ರ ಜುಲೈ ತಿಂಗಳಿನಲ್ಲಿ ತೆರೆಯಿತು. ನೀರು ನಿಂತು ಅರುವತ್ತೊಂದು ವರ್ಷವಾಗಿತ್ತು. ಈ ಬದುಕನ್ನು ಹತ್ತಿರದಿಂದ ಕಂಡು ಬರೆದವರು ಕಾದಂಬರಿಕಾರ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲಿ ದುಡಿಯುತ್ತಲೇ 'ಮುಳುಗಡೆ', 'ದ್ವೀಪ'ಗಳಿಗೆ ವಸ್ತು ಕಂಡುಕೊಂಡ ಅವರು, ಸೇತುವೆ ತೆರೆಯುವುದಕ್ಕೆ ಆರು ತಿಂಗಳು ಮೊದಲು, 2025ರ ಜನವರಿಯಲ್ಲಿ, ತೀರಿಕೊಂಡರು.

ಮುಳುಗಡೆಯ ನೆಲ ನಿಜವಾಗಿಯೇ ಮರಳಿ ಬಂದ ಉದಾಹರಣೆ ಲೋಕದಲ್ಲಿ ಇಲ್ಲವೇ ಎಂದು ಕೇಳುವವರಿಗೆ, ಅಮೆರಿಕದ ಕ್ಲಾಮತ್ ನದಿಯನ್ನು ತೋರಿಸಬಹುದು. ಅಲ್ಲಿ 1918ರಿಂದ ಮೊದಲ್ಗೊಂಡು ಕಟ್ಟಿದ ನಾಲ್ಕು ವಿದ್ಯುತ್ ಅಣೆಕಟ್ಟುಗಳನ್ನು 2024ರ ಹೊತ್ತಿಗೆ ಕಿತ್ತುಹಾಕಿ, ಬರಿದಾದ ಕಣಿವೆಯಲ್ಲಿ ಸುಮಾರು 2,800 ಎಕರೆಯನ್ನು ಅಲ್ಲಿನ ಮೂಲನಿವಾಸಿಗಳಾದ ಶಾಸ್ತಾ ಜನರಿಗೆ ಹಿಂದಿರುಗಿಸಲು ಕ್ಯಾಲಿಫೋರ್ನಿಯ ರಾಜ್ಯವು ಒಪ್ಪಿತು. ನೀರು ಇಳಿಯುವುದಕ್ಕೆ ವರ್ಷಗಳ ಮುನ್ನವೇ ಆ ಕಣಿವೆಯ ಹುಲ್ಲು, ಪೊದೆ, ಮರಗಳ ಬೀಜಗಳನ್ನು ಕೂಡಿಟ್ಟುಕೊಂಡು, ಕೆಸರು ಆರುವ ಮೊದಲೇ ಬಿತ್ತಿದರು. ಅದೇ ಶರತ್ಕಾಲದಲ್ಲಿ ಸಾಲ್ಮನ್ ಮೀನುಗಳು ಕಿತ್ತ ಕಟ್ಟೆಯ ಜಾಗವನ್ನು ದಾಟಿ ಮೇಲಕ್ಕೆ ಈಜಿದುವು. ಬೀಜವನ್ನು ಮೊದಲೇ ಆಯ್ದಿಟ್ಟ ಆ ಸುದ್ದಿಯನ್ನು ಓದಿದಾಗ ನನಗೆ ಒದ್ದೆ ಗೋಣಿಯ ಕೆಳಗಿನ ಅಡಿಕೆಯ ನೆನಪಾಯಿತು. ಲಿಂಗನಮಕ್ಕಿಯನ್ನು ಯಾರೂ ಕೀಳುವುದಿಲ್ಲ, ಕೀಳಬೇಕೆಂದು ಇಲ್ಲಿನವರು ಕೇಳುವುದೂ ಇಲ್ಲ. ಅವರು ಕೇಳುವುದು ಕೊಟ್ಟ ನೆಲ ಕೊಟ್ಟದ್ದೆಂದು ಬರೆದುಕೊಡುವ ಒಂದು ಹಾಳೆಯನ್ನು.

ಅದನ್ನು ಕೊಡುವುದು ಬಿಡುವುದು ಅಧಿಕಾರದಲ್ಲಿರುವವರಿಗೆ ಸೇರಿದ್ದು. ಓದುಗರಾದ ನಾವು ಮಾಡಬಹುದಾದ ಚಿಕ್ಕ ಕೆಲಸವೊಂದಿದೆ. 1960ರಲ್ಲಿ ಇಪ್ಪತ್ತರ ಹರೆಯದಲ್ಲಿ ಹಗ್ಗ ಹಿಡಿದು ಗಡಿ ಅಳೆದವರಿಗೆ ಈಗ ಎಂಬತ್ತೈದು ದಾಟಿದೆ. ಯಾವ ಹಳ್ಳಿಯಿಂದ ಬಂದರು, ಯಾವ ಕಲ್ಲು ಯಾವ ಗಡಿ, ಯಾರ ಪಾಲಿಗೆ ಯಾವ ಹಳ್ಳ ಎಂಬುದು ಅವರ ನೆನಪಿನಲ್ಲಿ ಮಾತ್ರ ಇದೆ. ಹಳದಿ ಬಣ್ಣಕ್ಕೆ ತಿರುಗಿದ ಮಂಜೂರಾತಿ ಪತ್ರಗಳು ಅವರ ಟ್ರಂಕುಗಳಲ್ಲಿ ಮಡಿಕೆಯ ಗುಂಟ ಹರಿಯುತ್ತಿವೆ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ, ನೆರೆಯಲ್ಲಿ ಅಂಥವರೊಬ್ಬರಿದ್ದರೆ, ಈ ಮಳೆಗಾಲ ಹಿಡಿಯುವ ಮುನ್ನ ಅವರ ಜಗಲಿಯ ಮೇಲೆ ಹೋಗಿ ಕುಳಿತು, ಅವರು ಹೇಳಿದ್ದನ್ನು ಬರೆದುಕೊಳ್ಳಿ; ಟ್ರಂಕನ್ನು ತೆರೆಸಿ, ಪತ್ರಗಳ ಪ್ರತಿ ಮಾಡಿಟ್ಟುಕೊಳ್ಳಿ.